ಹಾಡುವ ಪೆಟ್ಟಿಗೆಗೆ ಕಿವಿ ಬಂದಾಗ

ಗ್ರಾಮಫೋನು ಹಾಡಿತು, ನಾವು ಕೇಳಿದೆವು. ರೇಡಿಯೊ ಹಾಡಿತು, ನಾವು ಕೇಳಿದೆವು. ಹಾಡುವುದು ಯಂತ್ರದ ಕೆಲಸ, ಕೇಳುವುದು ಮನುಷ್ಯನ ಕೆಲಸ ಎಂಬ ಈ ಏರ್ಪಾಟು ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿತು. 2014ರಲ್ಲಿ ಅಮೆರಿಕದ ಅಮೆಜಾನ್ ಸಂಸ್ಥೆಯು ‘ಎಕೋ’ ಎಂಬ ಹೆಸರಿನ, ಕೊಳವೆಯ ಆಕಾರದ ಪೆಟ್ಟಿಗೆಯೊಂದನ್ನು ಹೊರತಂದಿತು. ಅದು ಹಾಡುವುದಕ್ಕೆ ಮೊದಲು ಕೇಳುತ್ತಿತ್ತು. ಮನೆಯವರು ಆಡಿದ ಮಾತನ್ನು ಗ್ರಹಿಸಿ, ಬೇಡಿದ ಹಾಡನ್ನು ಎಲ್ಲಿಂದಲೋ ತಂದು ನುಡಿಸುತ್ತಿತ್ತು. 2016ರಲ್ಲಿ ಗೂಗಲ್, 2018ರಲ್ಲಿ ಆಪಲ್ ಸಂಸ್ಥೆಗಳು ತಮ್ಮ ತಮ್ಮ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದುವು. ನಮ್ಮ ದೇಶಕ್ಕೆ ಎಕೋ 2017ರಲ್ಲಿಯೂ ಗೂಗಲ್‌ನ ಪೆಟ್ಟಿಗೆ 2018ರಲ್ಲಿಯೂ ಬಂದುವು. ಇವಕ್ಕೆಲ್ಲ ‘ಸ್ಮಾರ್ಟ್ ಸ್ಪೀಕರ್’ ಎಂಬ ಹೆಸರು ರೂಢಿಯಾಗಿದೆ. ‘ಜಾಣ ಧ್ವನಿವರ್ಧಕ’ವೆಂದು ಕನ್ನಡಿಸಬಹುದು, ಆದರೆ ಜಾಣತನವೆಷ್ಟೆಂಬುದು ಇನ್ನೂ ವಿಚಾರಣೆಯಲ್ಲಿರುವ ಸಂಗತಿಯಾದುದರಿಂದ, ಬಿರುದನ್ನು ಕೊಡಲು ಅವಸರಪಡದೆ ಇದನ್ನು ಪೆಟ್ಟಿಗೆಯೆಂದೇ ಕರೆಯುತ್ತೇವೆ.

ಇಂಥದೊಂದು ಪೆಟ್ಟಿಗೆ ಮೂರು ವಾರಗಳಿಂದ ನಮ್ಮ ಮನೆಯ ನಡುಮನೆಯಲ್ಲಿ ಕುಳಿತಿದೆ. ಗಾತ್ರದಲ್ಲಿ ಅಂಗೈಯ ಮೇಲೆ ನಿಲ್ಲುವಷ್ಟು. ತಯಾರಿಸಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಹೇಳಲಿರುವ ಮಾತು ಈ ಜಾತಿಗೇ ಸೇರಿದ್ದು. ದೀಪ ಹೊತ್ತಿಸುವುದು, ಮಳೆ ಬಂದೀತೇ ಎಂದು ತಿಳಿಸುವುದು ಮೊದಲಾದ ಇದರ ಇತರ ವಿದ್ಯೆಗಳನ್ನು ಬಿಟ್ಟು ಸಂಗೀತದ ಮಟ್ಟಿಗೆ ಮಾತ್ರ ನಮ್ಮ ಮೊದಲ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇವೆ. ಅಭಿಪ್ರಾಯವಿಷ್ಟೆ: ಇದರ ಕಂಠ ಸಾಧಾರಣ, ಕಿವಿ ಅದ್ಭುತ, ಸಂಗೀತಜ್ಞಾನ ತೀರ ಕಡಮೆ. ಈ ಮೂರರಲ್ಲಿ ಮೂರನೆಯದೇ ತರುಣ ವಾಚಕರು ಹೆಚ್ಚಾಗಿ ಯೋಚಿಸಬೇಕಾದದ್ದು.

ಮೊದಲು ಕಂಠದ ಮಾತು. ಪೆಟ್ಟಿಗೆಯ ಒಳಗಿರುವ ಧ್ವನಿಯ ಅಂಗವು ಹೊಸದೇನೂ ಅಲ್ಲ. ಆಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕುವಿನಾಕಾರದ ಪೊರೆ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಪೊರೆಯು ಹಿಂದುಮುಂದಾಗಿ ಗಾಳಿಯನ್ನು ತಳ್ಳುವುದು. ಚೆಸ್ಟರ್ ರೈಸ್, ಎಡ್ವರ್ಡ್ ಕೆಲ್ಲಾಗ್ ಎಂಬಿಬ್ಬರು ಅಮೆರಿಕದ ಇಂಜಿನಿಯರುಗಳು 1925ರಲ್ಲಿ ವಿವರಿಸಿದ ವ್ಯವಸ್ಥೆಯೇ ಇದು. ನೂರು ವರ್ಷಗಳಲ್ಲಿ ಆಯಸ್ಕಾಂತ ಬಲವಾಯಿತು, ಪೊರೆ ಹಗುರವಾಯಿತು. ಭೌತವಿಜ್ಞಾನದ ನಿಯಮ ಮಾತ್ರ ಬದಲಾಗಲಿಲ್ಲ. ಆ ನಿಯಮ ಸಣ್ಣ ಪೆಟ್ಟಿಗೆಗಳಿಗೆ ಕಠಿಣವಾದದ್ದು. ಒಂದೇ ಪ್ರಮಾಣದ ಶಬ್ದದ ಒತ್ತಡ ಬೇಕಾದರೆ, ಕಂಪನಗಳ ಸಂಖ್ಯೆ ಅರ್ಧಕ್ಕೆ ಇಳಿದಾಗ ಪೊರೆಯು ನಾಲ್ಕರಷ್ಟು ದೂರ ಚಲಿಸಬೇಕು. ಸೆಕೆಂಡಿಗೆ 400 ಕಂಪನಗಳ ಸ್ವರಕ್ಕೆ ಒಂದು ಪಾಲು ಚಲಿಸಿದರೆ, 100 ಕಂಪನಗಳ ಸ್ವರಕ್ಕೆ ಹದಿನಾರು ಪಾಲು ಚಲಿಸಬೇಕಾಗುವುದು. ಇಲ್ಲವೆ ಪೊರೆ ವಿಶಾಲವಾಗಿರಬೇಕು. 20 ಸೆಂಟಿಮೀಟರು ಅಗಲದ ಪೊರೆಯ ವಿಸ್ತೀರ್ಣ 4 ಸೆಂಟಿಮೀಟರಿನದಕ್ಕಿಂತ ಇಪ್ಪತ್ತೈದರಷ್ಟು. ಅಂಗೈಯ ಪೆಟ್ಟಿಗೆಗೆ ಚಲಿಸಲು ಎಡೆಯಿಲ್ಲ, ಹಿಗ್ಗಲು ಸ್ಥಳವಿಲ್ಲ. ಹಳೆಯ ವಾಲ್ವ್ ರೇಡಿಯೊಗಳನ್ನು ಕೇಳಿದ ಹಿರಿಯರು “ಅದರ ಗಂಭೀರ ನಾದ ಇದಕ್ಕಿಲ್ಲ” ಎಂದರೆ ಅದನ್ನು ಬರಿಯ ಹಳೆಗಾಲದ ಮೋಹವೆಂದು ತಳ್ಳಿಹಾಕಬಾರದು. ಆ ದೊಡ್ಡ ಮರದ ಪೆಟ್ಟಿಗೆಯ ತಾರಸ್ವರಗಳು ಮೊಂಡಾಗಿದ್ದುವು, ನಿಜ, ಮಂದ್ರಸ್ವರಗಳು ತುಂಬಿಕೊಂಡಿದ್ದುವು.

ಆದರೂ ಈ ಪೆಟ್ಟಿಗೆಯಲ್ಲಿ ತಂಬೂರಿಯನ್ನು ಕೇಳಿದಾಗ ನಮಗೆ ಆಶ್ಚರ್ಯವಾಯಿತು. ನಾದ ಸೊರಗಿರುವುದೆಂಬ ನಿರೀಕ್ಷೆಯಿತ್ತು, ಸೊರಗಿರಲಿಲ್ಲ. ಇದರ ಕಾರಣ ಅರ್ಧ ಕಿವಿಯಲ್ಲಿದೆ, ಅರ್ಧ ತಂಬೂರಿಯಲ್ಲಿದೆ. ಗಂಡುಶ್ರುತಿಯ ತಂಬೂರಿಯೊಂದರ ಮಂದ್ರಷಡ್ಜದ ತಂತಿ ಸೆಕೆಂಡಿಗೆ ಸುಮಾರು 65 ಬಾರಿ ಕಂಪಿಸುವುದೆಂದು ಇಟ್ಟುಕೊಳ್ಳೋಣ. ಆ ಮೂಲಕಂಪನದೊಡನೆ 130, 195, 260, 325 ಎಂದು ಅದರ ಗುಣಕಗಳಾದ ಉಪಸ್ವರಗಳೂ ಹೊರಡುತ್ತವೆ. ಸಣ್ಣ ಪೊರೆಯಿಂದ 65ರ ಕಂಪನ ಹೊರಡುವುದೇ ಇಲ್ಲವೆನ್ನಬಹುದು. ಆದರೆ ಮೇಲಿನ ಉಪಸ್ವರಗಳು ಒಂದಕ್ಕೊಂದು 65ರ ಅಂತರದಲ್ಲಿ ಕೇಳಿಬಂದಾಗ, ನಮ್ಮ ಕಿವಿ ಮತ್ತು ಮಿದುಳು ಸೇರಿ ಇಲ್ಲದ ಮೂಲಸ್ವರವನ್ನು ತಾವೇ ತುಂಬಿಕೊಳ್ಳುತ್ತವೆ. ದೂರವಾಣಿಯಲ್ಲಿ ಗಂಡಸಿನ ದಪ್ಪ ಧ್ವನಿ ನಮಗೆ ದಪ್ಪವಾಗಿಯೇ ಕೇಳುವುದಕ್ಕೂ ಇದೇ ಕಾರಣ. ಇನ್ನು ತಂಬೂರಿಯಾದರೋ ಉಪಸ್ವರಗಳ ಭಂಡಾರ. ಸೇತುವೆಗೂ ತಂತಿಗೂ ನಡುವೆ ಇಡುವ ಜೀವಾಳದ ಎಳೆಯಿಂದ, ಮೀಟಿದ ಬಿಂದುವಿನ ದೆಸೆಯಿಂದ ಹುಟ್ಟಬಾರದಾಗಿದ್ದ ಉಪಸ್ವರಗಳೂ ಹುಟ್ಟುತ್ತವೆಂದು ಸರ್ ಸಿ. ವಿ. ರಾಮನ್ ಅವರು 1921ರಲ್ಲಿಯೇ ತೋರಿಸಿದ್ದರು. ಸಣ್ಣ ಪೆಟ್ಟಿಗೆಗೆ ಹೇಳಿಮಾಡಿಸಿದಂತಹ ವಾದ್ಯವಿದು!

ಮೃದಂಗದ ಸಂಗತಿ ಬೇರೆ. ಅದರ ಬಲಮುಖದ ನಡುವಿನ ಕಪ್ಪು ಲೇಪವು ಚರ್ಮದ ಕಂಪನಗಳನ್ನು ಹದಗೊಳಿಸಿ, ತಂತಿವಾದ್ಯದಂತೆ ಗುಣಕಗಳಾದ ಉಪಸ್ವರಗಳನ್ನು ಹೊರಡಿಸುತ್ತದೆಂಬುದೂ ರಾಮನ್ ಅವರ ಸಂಶೋಧನೆಯೇ. 1920ರಲ್ಲಿ ಮೊದಲು ಪ್ರಕಟವಾದದ್ದು. ಅಂತೆಯೇ ಬಲಮುಖದ ನುಡಿಗಳು ಪೆಟ್ಟಿಗೆಯಲ್ಲಿ ಸ್ಪಷ್ಟವಾಗಿ ಬರುತ್ತವೆ. ಎಡಮುಖದ ‘ಗುಂ’ಕಾರ ಮಾತ್ರ ಕಾಗದದ ಡಬ್ಬವನ್ನು ತಟ್ಟಿದಂತಾಗುತ್ತದೆ. ಅಲ್ಲಿ ಕಿವಿ ತುಂಬಿಕೊಳ್ಳಲು ಬೇಕಾದ ಸುಳಿವುಗಳು ಸಾಲವು. ನಿಜವಾದ ಗಾಳಿಯೇ ಚಲಿಸಬೇಕು. ತನಿ ಆವರ್ತನವನ್ನು ಇದರಲ್ಲಿ ಕೇಳಿದವರು ಅರ್ಧ ಮೃದಂಗವನ್ನು ಕೇಳಿದರೆಂದೇ ನಮ್ಮ ಎಣಿಕೆ. ಪರೀಕ್ಷಿಸಬೇಕೆನ್ನುವವರು ಒಂದೇ ಧ್ವನಿಮುದ್ರಣವನ್ನು ಪೆಟ್ಟಿಗೆಯಲ್ಲಿ ಒಮ್ಮೆ, ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡಬಹುದು. ಪೆಟ್ಟಿಗೆಯನ್ನು ಗೋಡೆಯ ಮೂಲೆಗೆ ಸರಿಸಿದರೆ ಮಂದ್ರ ಸ್ವಲ್ಪ ಏರುವುದು; ಇದು ಕಾಸಿಲ್ಲದ ಉಪಾಯ.

ಕಂಠದ ಮಾತು ಇಷ್ಟಕ್ಕೆ ಸಾಕು. ಈ ಯಂತ್ರದಲ್ಲಿ ಮನುಷ್ಯನ ಬುದ್ಧಿ ನಿಜವಾಗಿ ವ್ಯಯವಾಗಿರುವುದು ಅದರ ಕಿವಿಯ ಮೇಲೆ.

ಒಂದು ಕ್ಷಣ ಅದರ ಸ್ಥಿತಿಯಲ್ಲಿ ನಿಂತು ನೋಡೋಣ. ಪೆಟ್ಟಿಗೆ ತಾನೇ ಗಟ್ಟಿಯಾಗಿ ಹಾಡುತ್ತಿದೆ. ಮೂರು ಮೀಟರು ದೂರದಿಂದ ಯಾರೋ ಮೆಲ್ಲಗೆ “ಸಾಕು, ನಿಲ್ಲಿಸು” ಎನ್ನುತ್ತಾರೆ. ತನ್ನದೇ ಹಾಡಿನ ಅಬ್ಬರದಲ್ಲಿ ಆ ಮಾತು ಅದಕ್ಕೆ ಕೇಳಬೇಕು. ಸಂತೆಯಲ್ಲಿ ತಮಟೆ ಬಾರಿಸುತ್ತಿರುವವನಿಗೆ ಪಕ್ಕದ ಅಂಗಡಿಯಲ್ಲಿ ಆಡಿದ ಪಿಸುಮಾತು ಕೇಳಬೇಕೆಂದಂತೆ. ಪೆಟ್ಟಿಗೆ ಇದನ್ನು ಸಾಧಿಸುವುದು ವ್ಯವಕಲನದಿಂದ. ತಾನು ಪೊರೆಗೆ ಕಳುಹಿಸಿದ ವಿದ್ಯುತ್ ಸಂಕೇತವೇನೆಂಬುದು ಅದಕ್ಕೆ ಗೊತ್ತು. ಆ ನಾದ ಗೋಡೆ, ನೆಲ, ಪೀಠೋಪಕರಣಗಳಿಗೆ ಬಡಿದು ಹಿಂದಿರುಗುವಾಗ ಹೇಗೆ ಬದಲಾಗುವುದೆಂಬುದನ್ನು ಎಡೆಬಿಡದೆ ಲೆಕ್ಕಹಾಕಿ, ಕೇಳಿಬಂದ ಒಟ್ಟು ಶಬ್ದದಿಂದ ಅದನ್ನು ಕಳೆದುಬಿಡುವುದು. ಉಳಿದದ್ದು ಮನೆಯವರ ಮಾತು. ಬಾಗಿಲು ತೆರೆದರೆ, ಯಾರಾದರೂ ಎದ್ದು ನಡೆದರೆ ಲೆಕ್ಕ ಬದಲಾಗುವುದು. ಮತ್ತೆ ಹೊಸ ಲೆಕ್ಕ.

ಕಿವಿಯೂ ಒಂದಲ್ಲ. 2014ರ ಮೊದಲ ಎಕೋವಿನಲ್ಲಿ ಏಳು ಮೈಕ್ರೊಫೋನುಗಳಿದ್ದುವು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದಾದ್ದರಿಂದ, 7 ಸೆಂಟಿಮೀಟರು ಅಂತರದ ಎರಡು ಮೈಕ್ರೊಫೋನುಗಳನ್ನು ಅದು ತಲುಪುವ ಕಾಲದಲ್ಲಿ ಹೆಚ್ಚೆಂದರೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲಿನಷ್ಟು ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸದಿಂದಲೇ ಮಾತು ಯಾವ ದಿಕ್ಕಿನಿಂದ ಬಂತೆಂದು ತಿಳಿದು, ಆ ದಿಕ್ಕಿನ ಶಬ್ದವನ್ನು ಮಾತ್ರ ಎತ್ತಿಹಿಡಿದು ಉಳಿದುದನ್ನು ತಗ್ಗಿಸುವುದು. ನಮ್ಮ ಎರಡು ಕಿವಿಗಳೂ ದಿಕ್ಕನ್ನು ಅರಿಯುವುದು ಬಹುಮಟ್ಟಿಗೆ ಇದೇ ಉಪಾಯದಿಂದ. ಇಷ್ಟೆಲ್ಲ ನಡೆದ ಮೇಲೆ, ಪೆಟ್ಟಿಗೆಯೊಳಗಿನ ಚಿಕ್ಕ ಗಣಕವೊಂದು ಕರೆಯುವ ಹೆಸರಿಗಾಗಿ ಮಾತ್ರ ಕಾದಿರುತ್ತದೆ. ಹೆಸರು ಕೇಳಿತೆಂದು ತೋರಿದೊಡನೆ ಮುಂದಿನ ಮಾತು ಅಂತರಜಾಲದ ಮೂಲಕ ದೂರದ ದೊಡ್ಡ ಗಣಕಗಳಿಗೆ ಹೋಗಿ, ಅಲ್ಲಿ ಅಕ್ಷರವಾಗಿ, ಅರ್ಥವಾಗಿ, ಹಾಡಾಗಿ ಹಿಂದಿರುಗುವುದು. ಒಂದೆರಡು ಸೆಕೆಂಡುಗಳ ಕೆಲಸ. ಕೇಳಿ ತಿಳಿದುಕೊಳ್ಳುವ ಈ ವಿದ್ಯೆಯ ಮುಂದೆ ಹಾಡುವ ವಿದ್ಯೆ ಏನೂ ಅಲ್ಲ.

ಇಂತಹ ಕಿವಿಗೆ ನಮ್ಮ ಸಂಗೀತ ಎಷ್ಟು ತಿಳಿದಿದೆ?

ನಮ್ಮ ಮನೆಯ ಪೆಟ್ಟಿಗೆ ಕನ್ನಡದಲ್ಲಿ ಅಪ್ಪಣೆಯನ್ನು ಸ್ವೀಕರಿಸುವುದಿಲ್ಲ. ಭಾರತಕ್ಕೆ ಮೊದಲು ಬಂದ ಎಕೋ ಕೂಡ ಇಂಗ್ಲಿಷಿನಿಂದ ಆರಂಭಿಸಿ, 2019ರಲ್ಲಿ ಹಿಂದಿಯನ್ನು ಕಲಿಯಿತು. ಇಂಗ್ಲಿಷಿನಲ್ಲಿ ಕೇಳಿದರಾಯಿತೆಂದು ವಾಚಕರು ಹೇಳಬಹುದು. ಆದರೆ ಅಪ್ಪಣೆ ಇಂಗ್ಲಿಷಿನದಾದರೂ ಹೆಸರುಗಳು ನಮ್ಮವಲ್ಲವೆ? ಗಂಗೂಬಾಯಿ ಹಾನಗಲ್ ಅವರ ಹಾಡುಗಾರಿಕೆ ಬೇಕೆಂದು, ಹಾನಗಲ್ಲನ್ನು ಹಾನಗಲ್ಲೆಂದೇ ಉಚ್ಚರಿಸಿ ಕೇಳಿದೆವು. ಪೆಟ್ಟಿಗೆ ದಾರಿ ತಪ್ಪಿ ಇನ್ನೆಲ್ಲಿಗೋ ಹೋಯಿತು. ರೋಮನ್ ಲಿಪಿಯ ಕಾಗುಣಿತವನ್ನು ಓದಿದಂತೆ ‘ಹ್ಯಾಂಗಲ್’ ಎಂದಾಗ ಕೂಡಲೇ ತಂದಿತು. ಕಾಳಿಂಗರಾಯರ ಹೆಸರಿನ ‘ಳ’ಕಾರಕ್ಕೂ ಇದೇ ಗತಿ. ಮನೆಯ ಅಜ್ಜಿಯವರು ಸ್ವಲ್ಪ ಹೊತ್ತು ಇದನ್ನು ನೋಡುತ್ತಿದ್ದು, “ಅಲ್ಲಪ್ಪಾ, ಅದು ನಿಮ್ಮ ಮಾತು ಕಲೀತಾ ಇದೆಯೋ, ನೀವು ಅದರ ಮಾತು ಕಲೀತಾ ಇದೀರೋ?” ಎಂದರು. ವಿಜ್ಞಾನ ಪತ್ರಿಕೆಯಲ್ಲಿ ಇದಕ್ಕಿಂತ ಚೆನ್ನಾಗಿ ಪ್ರಶ್ನೆಯನ್ನು ಕೇಳಲು ನಮಗೆ ಸಾಧ್ಯವಾಗಲಾರದು.

ಉಚ್ಚಾರಣೆಯ ತೊಡಕು ಕಾಲಕ್ರಮದಲ್ಲಿ ನೀಗಬಹುದು. ಅದಕ್ಕಿಂತ ಆಳವಾದ ತೊಡಕೊಂದಿದೆ. ‘ಭೈರವಿ’ ಬೇಕೆಂದು ಕೇಳಿದೆವು. ಕರ್ನಾಟಕ ಸಂಗೀತದ ಭೈರವಿಯಲ್ಲಿ ಚತುಃಶ್ರುತಿ ರಿಷಭ, ಧೈವತ ಎರಡು ಬಗೆಯದು. ಹಿಂದೂಸ್ಥಾನಿ ಭೈರವಿ ಮೂಲತಃ ಕೋಮಲ ರಿಷಭದ್ದು. ಅದರ ಸ್ವರಗಳಿಗೆ ಕರ್ನಾಟಕ ಪದ್ಧತಿಯಲ್ಲಿ ಸರಿಹೊಂದುವುದು ಹನುಮತೋಡಿಯ ಮೇಳ. ಹಿಂದೂಸ್ಥಾನಿ ತೋಡಿಗೆ ಸರಿಹೊಂದುವುದಾದರೋ ತೋಡಿಯಲ್ಲ, ಶುಭಪಂತುವರಾಳಿ. ಹೆಸರು ಒಂದೇ, ರಾಗ ಬೇರೆ. ಮೈಸೂರಿನ ಕಡೆಯಲ್ಲಿ ಒಂದು ಪದ್ಧತಿ, ಧಾರವಾಡದ ಕಡೆಯಲ್ಲಿ ಇನ್ನೊಂದು ಪದ್ಧತಿ ಬೆಳೆದ ನಮ್ಮ ನಾಡಿನವರಿಗಂತೂ ಈ ಭೇದ ಅತ್ಯಗತ್ಯ. ಪೆಟ್ಟಿಗೆ ಎರಡು ಪದ್ಧತಿಗಳ ಭೈರವಿಗಳನ್ನು ಒಂದಾದ ಮೇಲೊಂದು ನುಡಿಸಿ, ನಡುವೆ ಅದೇ ಹೆಸರಿನ ಚಲಚ್ಚಿತ್ರಗೀತೆಯೊಂದನ್ನೂ ಸೇರಿಸಿತು. ಪೆಟ್ಟಿಗೆಯ ದೃಷ್ಟಿಯಲ್ಲಿ ಮೂರೂ ಒಂದೇ. ಮೂರರ ಚೀಟಿಯ ಮೇಲೂ ಅದೇ ಅಕ್ಷರಗಳಿವೆ.

ಈ ಚೀಟಿಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಅಂತರಜಾಲದ ಭಂಡಾರದಲ್ಲಿ ಪ್ರತಿಯೊಂದು ಹಾಡಿನೊಡನೆ ಹಾಡಿನ ಹೆಸರು, ಹಾಡಿದವರ ಹೆಸರು, ಸಂಗ್ರಹದ ಹೆಸರು ಎಂಬ ವಿವರಗಳಿರುತ್ತವೆ. ಪಾಶ್ಚಾತ್ಯ ಜನಪ್ರಿಯ ಗೀತೆಗಳಿಗೆ ಒಪ್ಪುವ ಚೀಟಿಯಿದು. ನಮ್ಮ ಕಛೇರಿ ಸಂಗೀತಕ್ಕೆ ರಾಗ ಬೇಕು, ತಾಳ ಬೇಕು, ವಾಗ್ಗೇಯಕಾರರ ಹೆಸರು ಬೇಕು, ಪಿಟೀಲು ಮೃದಂಗಗಳನ್ನು ನುಡಿಸಿದವರು ಯಾರೆಂಬುದು ಬೇಕು. ಆಕಾಶವಾಣಿಯ ಉದ್ಘೋಷಕರು ಅರ್ಧ ನಿಮಿಷದಲ್ಲಿ ಇದನ್ನೆಲ್ಲ ಹೇಳುತ್ತಾರೆ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ಆರಂಭಿಸಿದಂದಿನಿಂದ, ರಾಗದ ಹೆಸರನ್ನು ಪುಸ್ತಕದಿಂದಲ್ಲದೆ ಬಾನುಲಿಯಿಂದಲೇ ಕಲಿತವರು ನಮ್ಮಲ್ಲಿ ಬಹು ಮಂದಿ. ಅದಕ್ಕೂ ಹಿಂದೆ, ಗೌಹರ್ ಜಾನ್ ಎಂಬ ಗಾಯಕಿ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಮುದ್ರಿಸಿದ ತಟ್ಟೆಗಳು ಜರ್ಮನಿಗೆ ಹೋಗಿ ಅಲ್ಲಿ ಪ್ರತಿಗಳಾಗಬೇಕಾಗಿದ್ದುದರಿಂದ, ಯಾರ ಹಾಡೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. ಆಕೆ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ನಿಧನಳಾದದ್ದು ಮೈಸೂರಿನಲ್ಲಿ. ಸುಮಾರು ಮೂರು ನಿಮಿಷದ ಆ ತಟ್ಟೆಯೊಳಕ್ಕೆ ರಾಗವೊಂದನ್ನು ಕುಗ್ಗಿಸಿಡಲು ಆಗಿನ ಗಾಯಕರು ತಮ್ಮ ಗಾನಕ್ರಮವನ್ನೇ ಬದಲಿಸಬೇಕಾಯಿತು. ಯಂತ್ರ ಸಂಗೀತವನ್ನು ತನ್ನ ಅಳತೆಗೆ ಬಗ್ಗಿಸುವುದು ಹೊಸದಲ್ಲ. ಆಗ ಬಾಗಿದ್ದು ಹಾಡುವವರು. ಈಗ ಬಾಗುತ್ತಿರುವವರು ಕೇಳುವವರು. ಪೆಟ್ಟಿಗೆಗೆ ತಿಳಿಯುವ ಹೆಸರನ್ನೇ ಕೇಳುತ್ತೇವೆ. ಅದಕ್ಕೆ ತಿಳಿಯದುದನ್ನು ಎರಡು ಬಾರಿ ಕೇಳಿ ಮೂರನೆಯ ಬಾರಿಗೆ ಕೈಬಿಡುತ್ತೇವೆ. ಕೇಳಿದ ಹಾಡು ಮುಗಿದ ಮೇಲೆ ಮುಂದಿನದನ್ನು ಪೆಟ್ಟಿಗೆಯೇ ಆರಿಸುತ್ತದೆ. ಹೀಗೆ ಹತ್ತು ವರ್ಷ ಕಳೆದರೆ, ಭಂಡಾರದಲ್ಲಿ ಇದ್ದೂ ಯಾರೂ ಕರೆಯದ ಹಾಡುಗಳೆಷ್ಟಾಗುವುವು? ಇಂದು ಹದಿನಾರರ ವಯಸ್ಸಿನವರ ಕಿವಿ ಯಾವ ಹಾಡುಗಳ ನಡುವೆ ಬೆಳೆದಿರುವುದು? ಇದನ್ನು ನಾವು ಸಣ್ಣ ಪ್ರಶ್ನೆಯೆಂದು ಭಾವಿಸುವುದಿಲ್ಲ.

ಕಿವಿಯುಳ್ಳ ಯಂತ್ರದ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ. ಹೆಸರು ಕರೆದಾಗ ಮಾತ್ರ ಮಾತು ಹೊರಗೆ ಹೋಗುವುದೆಂಬುದು ಏರ್ಪಾಟು. ಆದರೆ ಆ ಹೆಸರನ್ನು ಹೋಲುವ ಬೇರೆ ಮಾತಿಗೂ ಪೆಟ್ಟಿಗೆ ಎಚ್ಚರಗೊಳ್ಳುವುದುಂಟು. ನಮ್ಮದು ಮೂರು ವಾರಗಳಲ್ಲಿ ಹಲವು ಬಾರಿ, ಯಾರೂ ಕರೆಯದೆಯೇ ದೀಪ ಬೆಳಗಿ ಓಗೊಟ್ಟಿತು. ಹೀಗೆ ಹೋದ ಮಾತುಗಳಲ್ಲಿ ಕೆಲವನ್ನು, ಗುರುತಿಸುವಿಕೆಯನ್ನು ತಿದ್ದುವ ಸಲುವಾಗಿ, ನೌಕರರು ಕೇಳುತ್ತಾರೆಂಬ ಸಂಗತಿ 2019ರಲ್ಲಿ ಬೆಳಕಿಗೆ ಬಂದಿತು. ಅಮೆಜಾನ್, ಗೂಗಲ್ ಎರಡೂ ಸಂಸ್ಥೆಗಳು ಇದನ್ನು ಒಪ್ಪಿಕೊಂಡುವು. ಮಕ್ಕಳ ಧ್ವನಿಮುದ್ರಣಗಳನ್ನು ಅಳಿಸದೆ ಇರಿಸಿಕೊಂಡಿತೆಂಬ ಆರೋಪದ ಮೊಕದ್ದಮೆಯಲ್ಲಿ ಅಮೆಜಾನ್ 2023ರಲ್ಲಿ ಅಮೆರಿಕದ ಸರ್ಕಾರಕ್ಕೆ ಎರಡೂವರೆ ಕೋಟಿ ಡಾಲರ್ ದಂಡ ತೆರಲು ಸಮ್ಮತಿಸಿತು. ನಮ್ಮ ಸಂಸತ್ತು ಅದೇ ವರ್ಷ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯು, 18 ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಇಲ್ಲವೆ ಪೋಷಕರ ಒಪ್ಪಿಗೆ ಬೇಕೆಂದು ವಿಧಿಸಿದೆ. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಆ ವಯಸ್ಸಿನವರು. ಮನೆಯಲ್ಲಿ ಇಂತಹ ಪೆಟ್ಟಿಗೆಗೆ ಹೆಚ್ಚಾಗಿ ಮಾತಾಡುವವರೂ ಅವರೇ. ಪೆಟ್ಟಿಗೆಯ ಮೇಲೆ ಮೈಕ್ರೊಫೋನನ್ನು ಮುಚ್ಚುವ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿ, ಹಾಡನ್ನು ಮೊಬೈಲಿನಿಂದ ಆರಿಸಿ ಕೇಳುವುದಕ್ಕೂ ಅವಕಾಶವಿದೆ. ಕರೆದು ಕೇಳುವ ಸೊಗಸು ಆಗ ಇಲ್ಲವಾಗುವುದು, ಹಾಡು ಉಳಿಯುವುದು. ನಾವು ರಾತ್ರಿಯ ಹೊತ್ತು ಹಾಗೆಯೇ ಮಾಡುತ್ತೇವೆ.

ಹಾಗಾದರೆ ಪೆಟ್ಟಿಗೆಯನ್ನು ತರುವುದೇ ಬೇಡವೆ? ಹಾಗೆ ಹೇಳುವುದು ನಮ್ಮ ಉದ್ದೇಶವಲ್ಲ. ಕಣ್ಣು ಮಂಜಾದ ಹಿರಿಯರು, ಕೈ ನಡುಗುವವರು, ಗುಂಡಿ ಒತ್ತದೆ ಪರದೆ ನೋಡದೆ ಹಾಡು ಕೇಳಬಲ್ಲರೆಂಬುದು ದೊಡ್ಡ ಉಪಕಾರ. ಆದರೆ ಆ ಉಪಕಾರ ಅತ್ಯಗತ್ಯವಾದವರಿಗೇ, ಎಂದರೆ ಇಂಗ್ಲಿಷ್ ಬಾರದ ನಮ್ಮ ಅಜ್ಜಿಯಂಥವರಿಗೇ, ಅದು ದೊರೆಯುತ್ತಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದವರು ಸುಮಾರು 4 ಕೋಟಿ 37 ಲಕ್ಷ. ಇಷ್ಟು ಜನರ ಮಾತನ್ನು ಯಂತ್ರಕ್ಕೆ ಕಲಿಸಲು ತಡೆಯಾಗಿರುವುದು ವಿಜ್ಞಾನವಲ್ಲ. ಯಂತ್ರ ಮಾತನ್ನು ಕಲಿಯುವುದು ಮಾದರಿಗಳಿಂದ. ನಾನಾ ಊರುಗಳ, ನಾನಾ ವಯಸ್ಸಿನವರ ಮಾತು ಸಾವಿರಾರು ಗಂಟೆಗಳಷ್ಟು ಬೇಕು, ಪ್ರತಿಯೊಂದಕ್ಕೂ ಸರಿಯಾದ ಬರಹ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳ ಇಂತಹ ಮಾದರಿಗಳನ್ನು ಕೂಡಿಸುವ ಕಾರ್ಯ ನಡೆದಿದೆ. ಮಾತಿನ ಕೆಲಸ ಹೀಗೆ ಆರಂಭವಾಗಿರುವಾಗ, ಸಂಗೀತದ ಚೀಟಿಗಳನ್ನು ತಿದ್ದುವ ಕೆಲಸಕ್ಕೆ ದೊಡ್ಡ ಪ್ರಯೋಗಶಾಲೆಯೂ ಬೇಕಾಗಿಲ್ಲ. ರಾಗ ತಿಳಿದವರು ಬೇಕು, ತಾಳ್ಮೆ ಬೇಕು. ಒಂದು ಕಾಲೇಜಿನ ಸಂಗೀತ ವಿಭಾಗವೂ ಗಣಕವಿಜ್ಞಾನ ವಿಭಾಗವೂ ಒಂದು ಬೇಸಿಗೆಯನ್ನು ಇದಕ್ಕೆಂದು ಮೀಸಲಿಟ್ಟರೆ ಸಾವಿರ ಧ್ವನಿಮುದ್ರಣಗಳಿಗೆ ರಾಗ, ತಾಳ, ಪಕ್ಕವಾದ್ಯಗಳ ವಿವರವನ್ನು ಕನ್ನಡ ಲಿಪಿಯಲ್ಲಿಯೇ ಸಿದ್ಧಪಡಿಸಬಹುದು. ತಯಾರಕರು ಅದನ್ನು ಬಳಸುವರೋ ಇಲ್ಲವೋ ಅವರ ವ್ಯಾಪಾರದ ಮಾತು. ಪಟ್ಟಿಯಂತೂ ನಮ್ಮಲ್ಲಿ ಇರುವುದು.

ಸದ್ಯಕ್ಕೆ ನಮ್ಮ ಮನೆಯಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ಗೆರೆ ಹಾಕಿದ ನೋಟುಪುಸ್ತಕವೊಂದಿದೆ. ಕೇಳಿದ ಪ್ರತಿಯೊಂದು ಹಾಡಿಗೂ ಒಂದು ಸಾಲು: ರಾಗ, ತಾಳ, ರಚಿಸಿದವರು, ಹಾಡಿದವರು, ಪಕ್ಕವಾದ್ಯ. ಮೊದಲ ನಾಲ್ಕು ಮನೆಗಳನ್ನು ಅಜ್ಜಿಯವರು ಬಹುಮಟ್ಟಿಗೆ ಕೇಳಿಯೇ ತುಂಬಿಸುತ್ತಾರೆ, ಪಲ್ಲವಿ ಮುಗಿಯುವುದರೊಳಗಾಗಿ. ಪಕ್ಕವಾದ್ಯದ ಮನೆ ಹೆಚ್ಚು ಸಾಲುಗಳಲ್ಲಿ ಖಾಲಿಯಿದೆ.